ಊರಾಚೆ ಸೈಟು ತಗೊಳ್ಳೋ ಮುಂಚೆ ಒಂದು ಸೋಮವಾರ ಅಲ್ಲಿಂದ ಓಡಾಡಿ ನೋಡಿ

ದಾವಣಗೆರೆ ಹಳೇ ಪೇಟೆಯಲ್ಲಿ ಅಜ್ಜ ಕಟ್ಟಿಸಿದ ಮನೆ ಮೂರು ಪಾಲಾದಾಗ ನಮಗೆ ಬಂದದ್ದು ಹದಿಮೂರಡಿ ಅಗಲದ ಒಂದು ಉದ್ದನೆ ಪಟ್ಟಿ. ಕಾರು ನಿಲ್ಲಿಸಲು ಜಾಗ ಇಲ್ಲ, ಮಕ್ಕಳು ಓದಲು ಕೂತರೆ ಟಿವಿ ಆರಿಸಬೇಕು. ಊರಾಚೆ ಬಾತಿ, ಹದಡಿ ರಸ್ತೆ, ಲೋಕಿಕೆರೆ ರಸ್ತೆ ಕಡೆ ಹೋಗುವ ಕುಟುಂಬಗಳಲ್ಲಿ ತುಂಬಾ ಜನರದು ಇದೇ ಕತೆ. ಗಾಳಿ ಬೆಳಕು ಅನ್ನೋದೆಲ್ಲ ಗೃಹಪ್ರವೇಶದ ದಿನ ನೆಂಟರಿಗೆ ಹೇಳುವ ಮಾತು. ಊರೊಳಗೆ ಕೈಗೆ ಎಟುಕದ 30x40 ಸೈಟು ಅಲ್ಲಿ ಎಟುಕುತ್ತದೆ, ಅಷ್ಟೇ.

ನೀವೂ ಹೊರಟಿದ್ದರೆ ಮೊದಲು ಮಣ್ಣು ನೋಡಿ. ನಮ್ಮ ಊರಿನ ಸುತ್ತ ಭದ್ರಾ ಕಾಲುವೆ ನೀರು ಕುಡಿದ ಗದ್ದೆಗಳೇ ಜಾಸ್ತಿ, ಈಗ ಲೇಔಟ್ ಆಗುತ್ತಿರುವುದೂ ಅವೇ. ಮೇಲೆ ಒಂದಡಿ ಗರಸು ಹೊಡೆದು ರೋಲರ್ ಓಡಿಸಿದರೆ ಚೆಂದ ಕಾಣುತ್ತದೆ. ಕೆಳಗೆ ಎರೆ ಮಣ್ಣಿದ್ದರೆ ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆಗ ಪಾಯ ಆಳಕ್ಕೆ ಇಳಿಸಬೇಕು, ಸೈಟಿನಲ್ಲಿ ಉಳಿಸಿದ ದುಡ್ಡು ಅಲ್ಲೇ ಹೂತು ಹೋಗುತ್ತದೆ. ಊರಾಚೆ ಕಟ್ಟಿಸಿದ ನಮ್ಮ ಹೊಸ ಮನೆಯ ಕಾಂಪೌಂಡ್ ಗೋಡೆ ಎರಡನೇ ಬೇಸಿಗೆಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಮೇಸ್ತ್ರಿಯನ್ನು ಕರಕೊಂಡು ಹೋಗಿ ನಾಲ್ಕಡಿ ಗುಂಡಿ ತೋಡಿಸಿ. ಅಕ್ಕಪಕ್ಕ ಆಗಲೇ ಕಟ್ಟಿದವರ ಗೋಡೆಯನ್ನೂ ಸ್ವಲ್ಪ ನೋಡಿಕೊಂಡು ಬನ್ನಿ.

ನಲ್ಲಿ ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಹೇಳುತ್ತಾರೆ. ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಅಂತ ಕೇಳಬೇಕು, ಅದೂ ಅಲ್ಲಿನ ಕಿರಾಣಿ ಅಂಗಡಿಯವರ ಹತ್ತಿರ. ಬೋರ್ ನೀರಾದರೆ ಯಾರದಾದರೂ ಮನೆಯ ಬಕೆಟ್ ಇಣುಕಿ ನೋಡಿ, ಬಿಳಿ ಪದರ ಕಟ್ಟಿದ್ದರೆ ಗೀಸರಿಗೂ ಅದೇ ಗತಿ.

ಕಾಗದಕ್ಕೆ ವಕೀಲರು ಬೇಕೇ ಬೇಕು. ಹೊಲ ಗದ್ದೆಯನ್ನು ಮನೆ ಜಾಗ ಮಾಡಲು ಒಪ್ಪಿಗೆ ಕೊಟ್ಟ ಭೂ ಪರಿವರ್ತನೆ ಆದೇಶ, ದೂಡಾ (ನಮ್ಮ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕ್ಷೆ, ಜಾಗದ ಮೇಲಿನ ಸಾಲ, ಮಾರಾಟ ತೋರಿಸುವ ಇಸಿ, ಹೊಸ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿ "ಎಲ್ಲಾ ಒಂದೇ ಸಾರ್" ಅಂದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.

ಇನ್ನು ಓಡಾಟ. ಭಾನುವಾರ ಸಂಜೆ ಏಜೆಂಟ್ ಕಾರಿನಲ್ಲಿ ಹೋದರೆ ಯಾವ ಲೇಔಟ್ ಆದರೂ ಹತ್ತೇ ನಿಮಿಷ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ನಿಮ್ಮ ಸ್ಕೂಟರಿನಲ್ಲಿ, ಹಿಂದೆ ಮಗು, ಮುಂದೆ ಬ್ಯಾಗು ಇಟ್ಟುಕೊಂಡು ಸೈಟಿನಿಂದ ಸ್ಕೂಲಿಗೆ, ಅಲ್ಲಿಂದ ಪಿಬಿ ರೋಡ್ (ಹಳೇ ಪುಣೆ-ಬೆಂಗಳೂರು ರಸ್ತೆ) ದಾಟಿ ಕೆಲಸಕ್ಕೆ ಹೋಗಿ ನೋಡಿ. ದಾರಿಯಲ್ಲಿ ರೈಲ್ವೆ ಅಂಡರ್‌ಪಾಸ್ ಇದ್ದರೆ ಜೋರು ಮಳೆ ಬಂದ ಮರುದಿನ ಇನ್ನೊಂದು ಸಲ ಹೋಗಿ. ರಾತ್ರಿ ಒಂಬತ್ತರ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಆಟೋದವರಿಗೆ ಲೇಔಟ್ ಹೆಸರು ಹೇಳಿ, ಎಷ್ಟು ಕೇಳುತ್ತಾರೆ ಅಂತಲೂ ನೋಡಿ, ಬರ್ತಾರಾ ಅಂತಲೂ ನೋಡಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಸೈಟಿಗೆ ಕರಕೊಂಡು ಹೋಗಿ. ನಾವು ಕರಕೊಂಡು ಹೋಗಲಿಲ್ಲ. ನಮ್ಮತ್ತೆಗೆ ಪೇಟೆಯಲ್ಲಿ ಸಂಜೆಯಾದರೆ ಕಟ್ಟೆ ಮೇಲೆ ನಾಲ್ಕು ಜನ, ಮಂಡಕ್ಕಿ ಮಿರ್ಚಿ, ಹರಟೆ. ಹೊಸ ಮನೆಯಲ್ಲಿ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಎದುರಿನ ಖಾಲಿ ಸೈಟಿನ ಮುಳ್ಳುಗಿಡ ನೋಡುತ್ತಾ ಕೂರುತ್ತಿದ್ದರು. ಈಗ ಮಂಗಳವಾರ, ಶುಕ್ರವಾರ ನಾನೇ ಅವರನ್ನು ಹಳೇ ಊರಿನ ದುಗ್ಗಮ್ಮನ ಗುಡಿ ಹತ್ತಿರ ಬಿಟ್ಟು, ಎಂಟು ಗಂಟೆಗೆ ಮತ್ತೆ ಹೋಗಿ ಕರಕೊಂಡು ಬರುತ್ತೇನೆ. ಆ ಪೆಟ್ರೋಲನ್ನೂ ಸೈಟಿನ ಲೆಕ್ಕದಲ್ಲಿ ಬರೆದುಕೊಳ್ಳಿ.