ಕೆರೆ ದಂಡೆಯ ಮರೆಯೊಳಗಿಂದ

ದಾವಣಗೆರೆ ಸುತ್ತಿನ ಕೆರೆ ಹಕ್ಕಿಗಳು ಮನುಷ್ಯರಿಗೆ ಹೆದರುತ್ತವೆ ಅನ್ನುವುದು ಪೂರ್ತಿ ನಿಜವಲ್ಲ. ಭದ್ರಾ ನಾಲೆಗೆ ನೀರು ಬಿಟ್ಟಾಗ ಗದ್ದೆಯಲ್ಲಿ ಟ್ರ್ಯಾಕ್ಟರ್ ಹಿಂದೆಯೇ ಬೆಳ್ಳಕ್ಕಿಗಳು ಓಡಾಡುತ್ತವೆ. ಎಮ್ಮೆ ಮೈ ತೊಳೆಯುವವರ ಪಕ್ಕದಲ್ಲೇ ಕೊಳದ ಬಕ ಮೀನಿಗೆ ಕಾಯುತ್ತದೆ. ಆದರೆ ಯಾರಾದರೂ ಸುಮ್ನೆ ನಿಂತು ತನ್ನನ್ನೇ ದಿಟ್ಟಿಸಿದರೆ ಹಾರಿಬಿಡುತ್ತದೆ. ಫೋಟೋ ತೆಗೆಯುವವರು ಮಾಡುವುದು ಅದನ್ನೇ ಅಲ್ವಾ? ಅದಕ್ಕೇ ನಾನು ಒಳಗೆ ಅಡಗಿ ಕೂತು ಫೋಟೋ ತೆಗೆಯಲು ಒಂದು ಮರೆ ಕಟ್ಟಿದ್ದು.

ಕುಂದವಾಡ ಕೆರೆ ಊರಿಗೆ ಹತ್ತಿರ. ಆದರೆ ಅಲ್ಲಿ ವಾಕಿಂಗ್ ಬರುವವರು ಜಾಸ್ತಿ. ಮರೆ ಕಟ್ಟಿದರೆ ಹಕ್ಕಿಗಿಂತ ಮೊದಲು ಜನ ಬಂದು ಇಣುಕುತ್ತಾರೆ. ಹಾಗಾಗಿ ಹಳ್ಳಿಯೊಂದರ ಸಣ್ಣ ಕೆರೆ ಆರಿಸಿಕೊಂಡೆ. ಊರಿನವರನ್ನೂ ಮೀನು ಹಿಡಿಯುವವರನ್ನೂ ಮೊದಲೇ ಕೇಳಿದ್ದೆ.

ಬಿದಿರಿನ ಗಳ, ಅಡಿಕೆ ಸಸಿಗೆ ಕಟ್ಟುವ ಹಸಿರು ನೆರಳು ಪರದೆ, ಮೇಲೊಂದಿಷ್ಟು ಜೊಂಡು, ಇಷ್ಟೇ ಸಾಮಾನು. ಆದರೆ ಒಂದೇ ದಿನ ಕಟ್ಟಿ ಮುಗಿಸಬಾರದು. ಮೊದಲು ದೂರದಲ್ಲಿ ಬರೀ ಗಳ ನೆಟ್ಟೆ. ಕೆಲವು ದಿನ ಬಿಟ್ಟು ಪರದೆ ಹಾಕಿದೆ. ಆಮೇಲೆ ಸ್ವಲ್ಪ ಸ್ವಲ್ಪವೇ ನೀರಿನ ಕಡೆ ಸರಿಸಿದೆ. ಪರದೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು, ಗಾಳಿಗೆ ಪಟಪಟ ಅಂದರೆ ಬಾತುಗಳು ಆ ಕಡೆ ತಲೆಯೂ ಹಾಕುವುದಿಲ್ಲ. ನಾನು ಕೂರುವುದು ಪೂರ್ವದ ದಂಡೆಯಲ್ಲಿ. ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬೀಳುತ್ತದೆ.

ಒಳಗೆ ಹೋಗುವುದಕ್ಕೂ ಒಂದು ಉಪಾಯವಿದೆ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ನಾನು ಒಳಗೆ ಕೂತ ಮೇಲೆ ಅವರು ಎಲ್ಲರಿಗೂ ಕಾಣುವ ಹಾಗೆ ವಾಪಸ್ ನಡೆಯಬೇಕು. ಬಂದವರು ಹೋದರು ಅಂತ ಬಾತುಗಳು ತಣ್ಣಗಾಗುತ್ತವೆ. ಮೀನು ಹಿಡಿಯುವ ಅಣ್ಣ ಒಬ್ಬರು ಈ ಕೆಲಸಕ್ಕೆ ನಗುತ್ತಲೇ ಒಪ್ಪಿದರು. “ಹಕ್ಕಿಗೆ ಲೆಕ್ಕ ಬರಲ್ಲ ಅಂದ್ಕೊಂಡೀರಾ ಸಾರ್? ಕಾಗೆ ಕೈಲಿ ಸಿಕ್ಕಿಬೀಳ್ತೀರಿ ನೋಡಿ” ಅಂದರು. ಬೆಳಗಿನ ತಿಂಡಿಗೆ ಮಂಡಕ್ಕಿಯನ್ನು ಬಟ್ಟೆ ಚೀಲದಲ್ಲಿ ಒಯ್ಯುತ್ತೇನೆ. ಪ್ಲಾಸ್ಟಿಕ್ ಕವರ್ ಸರಬರ ಅಂದರೆ ಮುಗಿಯಿತು.

ಲೆನ್ಸ್ ನೀರಿನಿಂದ ಒಂದು ಗೇಣು ಮೇಲಿದ್ದರೆ ಸಾಕು. ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಭತ್ತ ತುಂಬಿ ಹೊಲಿದ ಚೀಲದ ಮೇಲೆ ಇಡುತ್ತೇನೆ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದರೆ ಆಚೆ ದಂಡೆ ಮಸುಕಾಗಿ, ಗುಳುಮುಳುಕದಂಥ ಪುಟ್ಟ ಹಕ್ಕಿಯೂ ಎದ್ದು ಕಾಣುತ್ತದೆ. ಏರಿ ಮೇಲೆ ನಿಂತು ತೆಗೆದರೆ ಬೆನ್ನು ಮತ್ತು ನೀರು, ಅಷ್ಟೇ. ನನ್ನ ಮಟ್ಟಿಗೆ ದುಬಾರಿ ಲೆನ್ಸಿಗಿಂತ ಇದು ಮುಖ್ಯ.

ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಬಂದರೆ ಕ್ಯಾಮೆರಾ ಜಾಸ್ತಿ ಬೆಳಕು ಎಳೆದುಕೊಂಡು ಗರಿಗಳೆಲ್ಲ ಸುಣ್ಣವಾಗುತ್ತವೆ. ಎಕ್ಸ್‌ಪೋಶರ್ ಒಂದು ಸ್ಟಾಪ್‌ವರೆಗೂ, ಅಂದರೆ ಬೆಳಕು ಅರ್ಧಕ್ಕೆ ಬರುವವರೆಗೂ, ಇಳಿಸುತ್ತೇನೆ. ಹೊಳೆಯುವ ನೀರಿನ ಮುಂದಿನ ನೀರುಕಾಗೆಗೆ ಏರಿಸುತ್ತೇನೆ. ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಂತು ಧುಮುಕುವ ಕಪ್ಪುಬಿಳಿ ಮಿಂಚುಳ್ಳಿಗೆ 1/2000 ಸೆಕೆಂಡಿನ ಶಟರ್ ಬೇಕು. ಬಿಸಿಲೇರಿ ನೀರಿನ ಮೇಲಿನ ಗಾಳಿ ಅಲುಗಾಡತೊಡಗಿದರೆ ಯಾವ ಲೆನ್ಸಿಗೂ ಚೂಪು ಬರಲ್ಲ. ಆಗ ಆ ಅಣ್ಣನಿಗೆ ಫೋನ್ ಹಚ್ಚಿ ಮತ್ತೆ ಕರೆಸಿಕೊಳ್ಳುತ್ತೇನೆ. ಒಬ್ಬನೇ ದಿಢೀರ್ ಅಂತ ಎದ್ದು ಬಂದರೆ ಮಾರನೇ ದಿನ ಮರೆಯೇ ಅವುಗಳಿಗೆ ಅನುಮಾನ.

ಮಳೆಗಾಲದಲ್ಲಿ ಮರೆ ಬಿಚ್ಚಿ ಮನೆಗೆ ತರುತ್ತೇನೆ. ಉದ್ದ ಬಾಲದ ದೇವನಕ್ಕಿ ತೇಲುವ ಎಲೆಗಳ ಮೇಲೆ ಮೊಟ್ಟೆ ಇಡುವ ಕಾಲ ಅದು. ಕಾವು ಕೂರುವುದು ಗಂಡು ಹಕ್ಕಿ. ಅದನ್ನು ಎಬ್ಬಿಸಿದರೆ ಮೊಟ್ಟೆಗೆ ಬಿಸಿಲೂ ಕಾಗೆಯೂ ಕಾದಿರುತ್ತವೆ. ಆ ಫೋಟೋ ನನಗೆ ಬೇಡ.