ಅದಿರಿನ ಧೂಳಿನಲ್ಲಿ ಓಡುವ ಟಿಪ್ಪರ್‌ಗಳು ಮತ್ತು ಎಂಜಿನ್ ಎಣ್ಣೆಯ ಪರೀಕ್ಷೆ: ನನ್ನ ಅನುಭವ

ಸಂಡೂರು–ಹೊಸಪೇಟೆ ಭಾಗದಲ್ಲಿ ಕಬ್ಬಿಣದ ಅದಿರು ಸಾಗಿಸುವ ಟಿಪ್ಪರ್‌ಗಳ ನಿರ್ವಹಣೆಯನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಎಂಜಿನ್ ಎಣ್ಣೆಯನ್ನು ಬೆರಳ ನಡುವೆ ಉಜ್ಜಿ, ಬಣ್ಣ ನೋಡಿ, ಮೂಸಿ ತೀರ್ಮಾನ ಹೇಳುವುದು ನಮ್ಮ ಗ್ಯಾರೇಜಿನಲ್ಲಿ ಮೊದಲಿನಿಂದ ಬಂದ ರೂಢಿ. ಮೂಸಿದಾಗ ಡೀಸೆಲ್ ವಾಸನೆ ಬಂದರೆ ಅದರಲ್ಲಿ ಹುರುಳಿದೆ ಎಂದು ಇಂದಿಗೂ ಒಪ್ಪುತ್ತೇನೆ. ಆದರೆ ಹೊಸ ಎಣ್ಣೆ ಹಾಕಿದ ಸ್ವಲ್ಪ ಹೊತ್ತಿಗೇ ಡೀಸೆಲ್ ಎಂಜಿನ್ನಿನ ಮಸಿ ಅದನ್ನು ಕಪ್ಪಾಗಿಸುವುದರಿಂದ ಬಣ್ಣವನ್ನು ನಂಬುವಂತಿಲ್ಲ. ಎಂಜಿನ್ನನ್ನು ಸವೆಸುವ ಕಣಗಳೂ ಬೆರಳಿಗೆ ತಿಳಿಯುವಷ್ಟು ದೊಡ್ಡವಲ್ಲ. ಒಂದು ಬೇಸಿಗೆಯಲ್ಲಿ ಎರಡು ಎಂಜಿನ್‌ಗಳು ಅವಧಿಗೆ ಬಹಳ ಮೊದಲೇ ಬೋರಿಗೆ (ಸವೆದ ಸಿಲಿಂಡರ್ ಕೊರೆದು ಸರಿಪಡಿಸುವ ಕೆಲಸಕ್ಕೆ) ಬಂದಾಗ, ಎಣ್ಣೆಯ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಲು ನಿರ್ಧರಿಸಿದೆವು. ಇದು ಹೊಸ ವಿದ್ಯೆಯೇನೂ ಅಲ್ಲ. 1940ರ ದಶಕದಲ್ಲೇ ಅಮೆರಿಕದ ರೈಲು ಕಂಪನಿಗಳು ಡೀಸೆಲ್ ಲೋಕೊಮೋಟಿವ್‌ಗಳಿಗೆ ಇದನ್ನು ಬಳಸುತ್ತಿದ್ದವು, ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲಿಯೂ ಇದು ಬಹುಕಾಲದಿಂದ ನಡೆದುಬಂದಿದೆ.

ಮೊದಲ ನಾಲ್ಕು ತಿಂಗಳು ನಾವು ಕಳಿಸಿದ ಮಾದರಿಗಳಲ್ಲಿ ಹೆಚ್ಚಿನವು ನಿರುಪಯುಕ್ತವಾದವು. ಒಬ್ಬ ಹೆಲ್ಪರ್ ಸಂಪಿನ (ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಭಾಗದ) ಬೋಲ್ಟ್ ಬಿಚ್ಚಿದೊಡನೆ ಬಂದ ಮೊದಲ ಎಣ್ಣೆಯನ್ನೇ ಹಿಡಿಯುತ್ತಿದ್ದ, ಮತ್ತೊಬ್ಬ ಬಸಿದ ಎಣ್ಣೆ ತುಂಬಿದ ತೊಟ್ಟಿಯಿಂದ ಮೊಗೆಯುತ್ತಿದ್ದ, ಕೆಲವು ಬಾರಿ ನೀರಿನ ಖಾಲಿ ಬಾಟಲಿಯನ್ನೇ ಬಳಸಿದ್ದೂ ಇತ್ತು. ಹೀಗಾದಾಗ ವರದಿಯ ಅಂಕಿಗಳು ಎಂಜಿನ್ನಿನ ಸ್ಥಿತಿಯನ್ನಲ್ಲ, ಮಾದರಿ ತೆಗೆದ ರೀತಿಯನ್ನೇ ತೋರಿಸುತ್ತವೆ. ಈಗ ವಾಹನ ಕೆಲಸ ಮುಗಿಸಿ ಬಂದ ಅರ್ಧ ಗಂಟೆಯೊಳಗೆ, ಎಣ್ಣೆ ಬಿಸಿಯಾಗಿರುವಾಗಲೇ, ಡಿಪ್‌ಸ್ಟಿಕ್ ಕೊಳವೆಯೊಳಗೆ ಹೊಸ ಪ್ಲಾಸ್ಟಿಕ್ ನಳಿಕೆಯನ್ನು ಇಳಿಸಿ, ಕೈಪಂಪಿನಿಂದ ಸಂಪಿನ ನಡುಮಟ್ಟದ ಎಣ್ಣೆಯನ್ನು ಎಳೆದು, ಪ್ರಯೋಗಾಲಯ ಕೊಟ್ಟ ಶುದ್ಧ ಬಾಟಲಿಗೇ ತುಂಬುತ್ತೇವೆ. ನಳಿಕೆಯ ತುದಿ ಸಂಪಿನ ತಳಕ್ಕೆ ತಾಗಬಾರದು, ತಾಗಿದರೆ ತಳದಲ್ಲಿ ಕೂತ ಗಸಿಯೆಲ್ಲ ಬರುತ್ತದೆ. ಬಾಟಲಿಯ ಮೇಲೆ ವಾಹನದ ಸಂಖ್ಯೆ, ಎಂಜಿನ್ ಗಂಟೆ, ಈಗಿನ ಎಣ್ಣೆ ಓಡಿದ ಗಂಟೆ, ನಡುವೆ ಎಷ್ಟು ಲೀಟರ್ ಟಾಪ್ಅಪ್ ಮಾಡಲಾಗಿದೆ ಎಂಬುದನ್ನು ಬರೆಯದಿದ್ದರೆ ಆ ಮಾದರಿಯನ್ನು ನಾನು ಕಳಿಸುವುದೇ ಇಲ್ಲ. ಟಾಪ್ಅಪ್ ಲೆಕ್ಕ ಇದರಲ್ಲಿ ಬಹಳ ಮುಖ್ಯ. ಎಣ್ಣೆ ಕುಡಿಯುವ ಎಂಜಿನ್‌ಗೆ ಹೊಸ ಎಣ್ಣೆ ಸುರಿಯುತ್ತಲೇ ಇದ್ದರೆ ಸವೆತದಿಂದ ಎಣ್ಣೆಗೆ ಸೇರಿದ ಲೋಹದ ಅಂಶ ತಿಳಿಯಾಗಿ, ಕೆಟ್ಟ ಎಂಜಿನ್ನೂ ವರದಿಯಲ್ಲಿ ಆರೋಗ್ಯವಾಗಿ ಕಾಣುತ್ತದೆ.

ವರದಿಗಳನ್ನು ಓದಲು ಕಲಿತದ್ದು ಹತ್ತು ಚಕ್ರದ ಒಂದು ಟಿಪ್ಪರ್‌ನಿಂದ. ಸತತ ಮೂರು ಮಾದರಿಗಳಲ್ಲಿ ಅದರ ಸಿಲಿಕಾನ್ 9, 17, 41 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಎಂದು ಏರಿತ್ತು. ಅಲ್ಯೂಮಿನಿಯಂ ಮತ್ತು ಕಬ್ಬಿಣ ಕೂಡ ಜೊತೆಗೇ ಏರಿದ್ದವು. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಏರಿದರೆ ಹೊರಗಿನ ಮಣ್ಣು ಒಳಗೆ ಹೋಗುತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ಆದರೆ ಕಬ್ಬಿಣದ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ತೊಡಕಿದೆ. ಬೇರೆ ಊರುಗಳಲ್ಲಿ ಎಣ್ಣೆಯಲ್ಲಿ ಕಬ್ಬಿಣ ಹೆಚ್ಚಾದರೆ ಲೈನರ್ (ಸಿಲಿಂಡರಿನ ಒಳಗೋಡೆ), ಕ್ರ್ಯಾಂಕ್ ಅಥವಾ ಗೇರ್‌ಗಳ ಸವೆತವೆಂದು ಓದಬಹುದು. ಇಲ್ಲಿ ಹಾರುವ ಕೆಂಪು ಧೂಳೇ ಹೆಮಟೈಟ್ ಎಂಬ ಕಬ್ಬಿಣದ ಅದಿರು ಆದ್ದರಿಂದ, ಕಬ್ಬಿಣ ಲೈನರಿನಿಂದ ಬಂದದ್ದೋ ಗಾಳಿಯಿಂದ ಬಂದದ್ದೋ ಎಂಬುದನ್ನು ಆ ಒಂದು ಅಂಕಿಯಿಂದ ಬೇರ್ಪಡಿಸಲಾಗದು. ಅದಕ್ಕಾಗಿ ನಾನು ಕ್ರೋಮಿಯಂ ಕಡೆ ನೋಡುತ್ತೇನೆ, ಏಕೆಂದರೆ ಅದು ಪಿಸ್ಟನ್ ರಿಂಗ್‌ಗಳ ಲೇಪನದಿಂದ ಬರುತ್ತದೆಯೇ ಹೊರತು ನಮ್ಮ ಧೂಳಿನಿಂದಲ್ಲ. ಜೊತೆಗೆ, ಅಯಸ್ಕಾಂತಕ್ಕೆ ಸ್ಪಂದಿಸುವ ಕಣಗಳನ್ನು ಅಳೆಯುವ ಪಿಕ್ಯೂ ಸೂಚ್ಯಂಕವನ್ನೂ ಕೇಳಿ ಪಡೆಯುತ್ತೇನೆ. ಉಕ್ಕಿನ ಚೂರು ಅದರಲ್ಲಿ ಬಲವಾಗಿ ಕಾಣಿಸುತ್ತದೆ, ಹೆಮಟೈಟ್ ಬಹಳ ದುರ್ಬಲವಾಗಿ. ಲೋಹಗಳ ಪಿಪಿಎಂ ಅಳೆಯುವ ಸ್ಪೆಕ್ಟ್ರೋಮೀಟರ್ ಸುಮಾರು 5ರಿಂದ 8 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು ಸರಿಯಾಗಿ ಎಣಿಸದ ಕಾರಣ, ದೊಡ್ಡ ಚೂರುಗಳು ಏಳತೊಡಗಿದಾಗಲೂ ಈ ಸೂಚ್ಯಂಕವೇ ನಮ್ಮನ್ನು ಎಚ್ಚರಿಸುವುದು.

ಆ ಟಿಪ್ಪರ್‌ನಲ್ಲಿ ಪಿಕ್ಯೂ ಕಡಿಮೆಯಿತ್ತು, ಕ್ರೋಮಿಯಂ ಆಗಷ್ಟೇ ಏರತೊಡಗಿತ್ತು. ಏರ್ ಫಿಲ್ಟರ್ ಹೊಸದೇ ಆಗಿತ್ತು. ನಮ್ಮ ಹಿರಿಯ ಮೇಸ್ತ್ರಿ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ, ಒಳಗೆ ಬೆರಳಾಡಿಸಿ, ಕೆಂಪಾದ ಬೆರಳನ್ನು ನನ್ನ ಮುಂದೆ ಹಿಡಿದರು: “ಧೂಳು ಫಿಲ್ಟರ್‌ನ್ಯಾಗ ನಿಂತಿಲ್ಲ ಸರ, ಫಿಲ್ಟರ್ ದಾಟಿದ ಮ್ಯಾಲೆ ಒಳಗ ಹೊಕ್ಕೈತಿ.” ಕ್ಲಿಪ್ಪಿನ ಅಡಿಯಲ್ಲಿ ಹೋಸ್ ಸೀಳಿತ್ತು. ಹೋಸ್ ಬದಲಿಸಿ, ಎಣ್ಣೆ ಮತ್ತು ಆಯಿಲ್ ಫಿಲ್ಟರ್ ಬದಲಿಸಿದ ಬಳಿಕ ಮುಂದಿನ ಮಾದರಿಯಲ್ಲಿ ಸಿಲಿಕಾನ್ 12ಕ್ಕೆ ಇಳಿಯಿತು, ಕ್ರೋಮಿಯಂ ಮತ್ತೆ ಏರಲಿಲ್ಲ. ಅಂದಿನಿಂದ ಏರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿ ಮತ್ತೆ ಹಾಕುವುದನ್ನೂ ನಿಲ್ಲಿಸಿದೆವು, ಏಕೆಂದರೆ ಊದುವಾಗ ಕಾಗದ ಸೀಳಬಹುದು ಮತ್ತು ಪ್ರತಿ ಬಾರಿ ಬಿಚ್ಚುವಾಗಲೂ ಸ್ವಲ್ಪ ಧೂಳು ಒಳಭಾಗಕ್ಕೆ ಬೀಳುತ್ತದೆ.

ನಾನು ತಪ್ಪು ಮಾಡಿದ ಪ್ರಸಂಗವನ್ನೂ ಹೇಳಬೇಕು. ಹೊಸದಾಗಿ ಬಂದ ಒಂದು ವಾಹನದಲ್ಲಿ ತಾಮ್ರ 100 ಪಿಪಿಎಂ ದಾಟಿದ್ದನ್ನು ಕಂಡು, ಬೇರಿಂಗ್ ಸವೆಯುತ್ತಿದೆಯೆಂದು ಸಂಪ್ ಇಳಿಸಿ ಬೇರಿಂಗ್‌ಗಳನ್ನು ತೆಗೆಸಿ ನೋಡಿದೆ. ಅವು ಚೆನ್ನಾಗಿಯೇ ಇದ್ದವು, ವಾಹನ ಮಾತ್ರ ಮೂರು ದಿನ ನಿಂತಿತು. ಹೊಸ ಎಂಜಿನ್ನಿನ ಆಯಿಲ್ ಕೂಲರ್ ಕೊಳವೆಗಳ ತಾಮ್ರ ಎಣ್ಣೆಯ ರಾಸಾಯನಿಕಗಳೊಡನೆ ವರ್ತಿಸಿ ಕರಗಿ ಬರುವುದುಂಟು, ಒಳಮೈಗೆ ಪದರ ಕಟ್ಟಿದ ಮೇಲೆ ಅದು ತಾನಾಗಿ ಇಳಿಯುತ್ತದೆ. ಬೇರಿಂಗ್ ಸವೆದಿದ್ದರೆ ತಾಮ್ರದ ಜೊತೆ ಸೀಸವೋ ತವರವೋ ಏರಬೇಕಿತ್ತು. ಅದೇ ವರದಿಯಲ್ಲಿ ಅವೆರಡೂ ಸಮಸ್ಥಿತಿಯಲ್ಲಿದ್ದುದನ್ನು ನಾನು ಓದಿರಲಿಲ್ಲ. ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿ ಬಂದ ಒಂದೇ ಅಂಕಿಗೆ ಸ್ಪ್ಯಾನರ್ ಎತ್ತುವುದನ್ನು ಆಗಿನಿಂದ ಬಿಟ್ಟಿದ್ದೇನೆ. ಅದೇ ವಾಹನದ ಹಿಂದಿನ ಮಾದರಿಗಳು ಮತ್ತು ಹೊಸ ಎಣ್ಣೆಯ ಮೂಲ ಮಾದರಿ ಪಕ್ಕದಲ್ಲಿಲ್ಲದೆ ವರದಿಯನ್ನು ಓದುವುದಿಲ್ಲ.

ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಸೋರಿಕೆಯನ್ನು ಕಂಡುಹಿಡಿದದ್ದು ಇದರ ಅತ್ಯಂತ ದೊಡ್ಡ ಲಾಭ. ಬಿಸಿ ಎಂಜಿನ್ನಿನಲ್ಲಿ ನೀರು ಆವಿಯಾಗಿ ಹೋಗುವುದರಿಂದ ವರದಿಯಲ್ಲಿ ನೀರಿನ ಅಂಶ ಶೂನ್ಯವೆಂದೇ ಬರಬಹುದು, ಆದರೆ ಕೂಲೆಂಟಿನಲ್ಲಿರುವ ಸೋಡಿಯಂ ಮತ್ತು ಪೊಟ್ಯಾಸಿಯಂ ಎಣ್ಣೆಯಲ್ಲೇ ಉಳಿಯುತ್ತವೆ. ಒಂದು ವಾಹನದಲ್ಲಿ ಇವೆರಡೂ ಏರಿದಾಗ ಚಾಲಕರನ್ನು ವಿಚಾರಿಸಿದೆ. ರೇಡಿಯೇಟರ್‌ಗೆ ವಾರಕ್ಕೊಮ್ಮೆ ಸ್ವಲ್ಪ ಸುರಿಯುತ್ತಿದ್ದರೂ ಅದನ್ನು ಹೇಳುವಷ್ಟು ದೊಡ್ಡ ಸಂಗತಿಯೆಂದು ಅವರಿಗೆ ಅನಿಸಿರಲಿಲ್ಲ. ಒತ್ತಡ ಹಾಕಿ ಪರೀಕ್ಷಿಸಿದಾಗ ಆಯಿಲ್ ಕೂಲರ್ ಸೋರುತ್ತಿತ್ತು. ಅದನ್ನಷ್ಟೇ ಬದಲಿಸಿ ಎಂಜಿನ್ ಉಳಿಸಿದೆವು.

ಎಣ್ಣೆ ಬದಲಿಸುವ ಅವಧಿಯನ್ನು ಹೆಚ್ಚಿಸಬೇಕೆಂಬ ಒತ್ತಾಯ ಮಾಲೀಕರಿಂದ ಬರುತ್ತಲೇ ಇತ್ತು. ಹೆದ್ದಾರಿಯಲ್ಲಿ ದೂರದ ಕಾರ್ಖಾನೆಗಳಿಗೆ ಓಡುವ ನಾಲ್ಕು ವಾಹನಗಳಲ್ಲಿ 250 ಗಂಟೆಯಿಂದ ಹಂತ ಹಂತವಾಗಿ 350 ಗಂಟೆಗೆ ಏರಿಸಿದೆವು. ಎಣ್ಣೆಯಲ್ಲಿ ಉಳಿದಿರುವ ಕ್ಷಾರಶಕ್ತಿಯನ್ನು ಹೇಳುವ ಟಿಬಿಎನ್ ಹೊಸ ಎಣ್ಣೆಯ ಅರ್ಧಕ್ಕಿಂತ ಕೆಳಗಿಳಿಯಬಾರದು ಮತ್ತು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ (ಎಣ್ಣೆಯ ಮಂದತನ) 15ಡಬ್ಲ್ಯು–40 ಎಣ್ಣೆಗೆ ಇರಬೇಕಾದ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೇ ಇರಬೇಕು ಎಂಬುದು ನಾನು ಇಟ್ಟ ನಿಬಂಧನೆ. ಆ ನಾಲ್ಕೂ ವಾಹನಗಳು ಅದರೊಳಗೇ ಉಳಿದವು. ಗಣಿಯ ವೇ ಬ್ರಿಡ್ಜ್ ಮುಂದೆ ಎಂಜಿನ್ ಆರಿಸದೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವ ವಾಹನಗಳ ಕಥೆ ಬೇರೆ. ಅವುಗಳಲ್ಲಿ ಡೀಸೆಲ್ ಎಣ್ಣೆಗೆ ಇಳಿದು, 250 ಗಂಟೆಗೇ ಸ್ನಿಗ್ಧತೆ 12ರ ಹತ್ತಿರಕ್ಕೆ ಬಂದಿತ್ತು, ಕಿಲೋಮೀಟರ್ ಲೆಕ್ಕ ನೋಡಿದರೆ ಅವು ಹೆಚ್ಚು ಓಡಿಯೇ ಇರಲಿಲ್ಲ. ಆ ವಾಹನಗಳಿಗೆ ಅವಧಿಯನ್ನು 200 ಗಂಟೆಗೆ ಇಳಿಸಿದ್ದೇವೆ, ಮತ್ತು ಸಾಲಿನಲ್ಲಿ ನಿಂತಾಗ ಎಂಜಿನ್ ಆರಿಸುವಂತೆ ಚಾಲಕರಿಗೆ ಹೇಳುವಾಗ ಅವರವರ ವಾಹನದ ವರದಿಯನ್ನೇ ತೋರಿಸುತ್ತೇವೆ.