ವಿಲನ್ ಡೈಲಾಗ್ ಓಡಲ್ಲ ಅಂದೋರಿಗೆ: ತುಮಕೂರಿಂದ ನನ್ನ ಅನುಭವ

ಮೀಮ್ ಪೇಜ್ ನಡೆಸೋರಿಗೆ ಕಟ್ಟಿಂಗು, ಟೆಂಪ್ಲೇಟು ಎಲ್ಲಾ ಗೊತ್ತೇ ಇರುತ್ತೆ, ಅದನ್ನ ಬಿಡ್ತೀನಿ. ಹಳೇ ಸಿನಿಮಾದ ಒಬ್ಬ ಸಾಹುಕಾರ ವಿಲನ್ ಹೇಳೋ "ಲೆಕ್ಕ ಇನ್ನೂ ಮುಗಿದಿಲ್ಲ ಕಣಯ್ಯಾ" ಅನ್ನೋ ಒಂದೇ ಸಾಲು ತುಮಕೂರಿನ ಕಾಲೇಜ್ ಗ್ರೂಪುಗಳಿಂದ ತಿಪಟೂರು ಕೊಬ್ಬರಿ ವ್ಯಾಪಾರಿಗಳ ಸ್ಟೇಟಸ್‌ವರೆಗೂ ಹೋಯ್ತು, ಹೋಗೋ ಹಾಗೆ ಮಾಡಿದ್ದು ನಾನು. ಜೊತೆ ಹುಡುಗ್ರೆಲ್ಲಾ "ಹೀರೋ ಪಂಚ್ ಹಾಕು ಗುರು, ಈ ಮುದುಕನ್ನ ಯಾರ್ ನೋಡ್ತಾರೆ" ಅಂದಿದ್ರು.

ಮೊದ್ಲು ದುಡ್ಡು ಹೋಗಿದ್ದು ಹೇಳ್ತೀನಿ. ಜೂಮು, ಬೀಟು, ಬೆಂಕಿ ಎಫೆಕ್ಟು ಎಲ್ಲಾ ಸೇರ್ಸಿ ವಿಡಿಯೋ ಬಿಟ್ವಿ, ದುಡ್ಡು ಕಟ್ಟಿ ಹೆಚ್ಚು ಜನಕ್ಕೆ ತೋರ್ಸೋ ಬೂಸ್ಟಿಗೆ ಎರಡು ಸಾವಿರ ಚಿಲ್ರೆ, ದೊಡ್ಡ ಪೇಜೊಂದರಲ್ಲಿ ಹಾಕ್ಸೋಕೆ ಸಾವಿರದೈನೂರೋ ಏನೋ. ವ್ಯೂಸ್ ಬಂತು, ಶೇರ್ ಬರ್ಲಿಲ್ಲ. ಮೀಮ್‌ಗೆ ವ್ಯೂಸ್ ಕಟ್ಕೊಂಡು ಏನ್ ಮಾಡೋದು, ಇನ್ನೊಬ್ಬ ಅದನ್ನ ಎತ್ಕೊಂಡು ತನ್ನ ಮಾತು ಸೇರ್ಸಿದ್ರೆ ತಾನೆ ಅದು ಬದುಕೋದು. ಇನ್ನೊಂದು ವರ್ಷನ್‌ಗೆ ಸಿನಿಮಾ ಮ್ಯೂಸಿಕ್ ಇತ್ತು, ಕಾಪಿರೈಟ್ ಕ್ಲೇಮ್ ಬಂದು ಸೌಂಡೇ ಹೋಯ್ತು.

ದಾರಿ ಸಿಕ್ಕಿದ್ದು ಗುಬ್ಬಿ ಹತ್ರ ಒಂದೂರಿನ ಕುರುಕ್ಷೇತ್ರ ನಾಟಕದಲ್ಲಿ. ಕೈಯಿಂದ ದುಡ್ಡು ಕಟ್ಟಿ ದುರ್ಯೋಧನನ ಪಾರ್ಟ್ ತಗೊಂಡಿದ್ದ ಅಂಗಡಿ ಅಣ್ಣ ಒಂದು ಮಾತು ಎಸೆದು ಮೀಸೆ ಮೇಲೆ ಕೈ ಇಟ್ಕೊಂಡು ಸುಮ್ನೆ ನಿಂತ, ಹಾರ್ಮೋನಿಯಂ ಕೂಡ ನಿಂತಿತ್ತು, ಆ ಗ್ಯಾಪಲ್ಲೇ ಶಿಳ್ಳೆ ಬಿದ್ದಿದ್ದು. ನಮ್ಮ ಹಳೇ ವಿಲನ್‌ಗಳಲ್ಲಿ ಎಷ್ಟೋ ಜನ ಸ್ಟೇಜಿಂದ ಬಂದೋರು, ವಜ್ರಮುನಿ ಅವರೇ 'ಪ್ರಚಂಡ ರಾವಣ' ನಾಟಕದ ರಾವಣ. 2006ರಲ್ಲಿ ಅವರು ಹೋದಾಗ ನಮ್ಮ ಕೈಲಿ ಇಂಥ ಫೋನುಗಳೇ ಇರ್ಲಿಲ್ಲ, ಆದ್ರೂ ಆ ಗತ್ತು, ಮಾತು ನಿಲ್ಸೋ ರೀತಿ ಇವತ್ತಿನ ಸಣ್ಣ ಸ್ಕ್ರೀನಲ್ಲೂ ಹಂಗೇ ಕೆಲಸ ಮಾಡುತ್ತೆ.

ಮನೆಗ್ ಬಂದು ಎಫೆಕ್ಟೆಲ್ಲಾ ಕಿತ್ತಾಕಿದೆ. ಮ್ಯೂಸಿಕ್ ತೆಗ್ದೆ, ಮಾತಿಗೆ ಮುಂಚೆ ನಮ್ಮ ಸಾಹುಕಾರ ವಿಲನ್ ಎಳ್ಕೊಳೋ ಉಸಿರು ಉಳಿಸ್ದೆ, "ಕಣಯ್ಯಾ" ಅಂದ್ಮೇಲೆ ಒಂದು ಹುಬ್ಬು ಮಾತ್ರ ಮೇಲೆ ಹೋಗುತ್ತಲ್ಲ, ಅಲ್ಲೀವರೆಗೂ ಬಿಟ್ಟೆ. ಎಷ್ಟು ಸೆಕೆಂಡ್ ಬಿಟ್ಟೆ ಅಂತ ಹೇಳಲ್ಲ, ಅದು ನನ್ನ ಹತ್ರಾನೇ ಇರ್ಲಿ. ಮೇಲರ್ಧ ಯಾರು ಬೇಕಾದ್ರೂ ತಮ್ಮ ಮಾತು ಬರ್ಕೊಳ್ಲಿ ಅಂತ ಖಾಲಿ, ನಮ್ಮ ಪೇಜ್ ಹೆಸರಿನ ವಾಟರ್‌ಮಾರ್ಕ್ ಇಲ್ಲ, ಇದಕ್ಕೆ ಹುಡುಗ್ರು ಜಗಳಾನೇ ಆಡಿದ್ರು. ಪೇಜಲ್ಲಿ ಹಾಕದೆ ವಾಟ್ಸಾಪ್ ಗ್ರೂಪುಗಳಿಗೆ ಬಿಟ್ಟೆ. ಆ ಖಾಲಿ ಜಾಗಕ್ಕೆ ಮೊದ್ಲು ನಾನೇ ಪಿಜಿ ಓನರ್ ಅಡ್ವಾನ್ಸಲ್ಲಿ ಪೇಂಟಿಂಗ್ ಚಾರ್ಜ್ ಹಿಡ್ಕೊಳೋದು ಹಾಕ್ದೆ, ಪರವಾಗಿಲ್ಲ ಅನ್ನೋ ಹಾಗೆ ಓಡ್ತು. ಸಾಕು ಸಾಕು ಅಂದ್ರೂ ಅಮ್ಮ ತಟ್ಟೆಗೆ ಇನ್ನೊಂದು ಮುದ್ದೆ ಇಡೋದು ಹಾಕ್ದೆ ನೋಡಿ, ಒಂದ್ ವಾರದಲ್ಲಿ ನನಗೇ ಬೇರೆ ಬೇರೆ ಊರಿಂದ ವಾಪಸ್ ಬಂತು, ನಾನು ಬರೀದೇ ಇರೋ ನಲವತ್ತೈವತ್ತು ವರ್ಷನ್ ಆಗಿತ್ತು.

ಹೀರೋ ಪಂಚ್ ಹಾಕಿದ್ರೆ ಹಾಕ್ದೋನೇ ಮೆರೀಬೇಕು, ವಿಲನ್ ಮಾತನ್ನ ಆದ್ರೆ ನಮ್ಮ ಮೇಲೆ ಕೈ ಇರೋ ಯಾರ ಬಾಯಿಗೆ ಬೇಕಾದ್ರೂ ಹಾಕ್ಬಹುದು, ಮ್ಯಾನೇಜರ್ರು, ಇಎಂಐ, ಅಮ್ಮ. ಇದೇ ಕಟ್ಟಿಂಗಲ್ಲಿ ಹೀರೋ ಸಾಲೊಂದನ್ನೂ ಬಿಟ್ಟು ನೋಡ್ದೆ, ಎರಡೇ ದಿನಕ್ಕೆ ಸತ್ತೋಯ್ತು.

ಆಮೇಲೆ ಬರೀ ಆಡಿಯೋ ಬಿಟ್ಟೆ. ನಮ್ಮ ರಾಮನಗರದ ಬಂಡೆಗಳಲ್ಲಿ ತೆಗೆದ 'ಶೋಲೆ' 1975ರಲ್ಲಿ ಬಂದಾಗ ಡೈಲಾಗ್‌ಗಳದ್ದೇ ರೆಕಾರ್ಡ್ ಮಾರಿದ್ರು, ನೆಟ್ಟೂ ಇಲ್ದೆ ಗಬ್ಬರ್ ಮಾತು ಜನರ ಬಾಯಲ್ಲಿ ಕೂತಿದ್ದು ಹಂಗೂ ಒಂದು. ಕೊಬ್ಬರಿ ವ್ಯಾಪಾರಿಗಳು ಹಿಡ್ಕೊಂಡಿದ್ದು ಈ ಆಡಿಯೋನೇ, ಹರಾಜಲ್ಲಿ ರೇಟ್ ಬಿದ್ದ ದಿನ ಒಬ್ಬರಿಗೊಬ್ಬರು ಕಳಿಸ್ಕೋತಾರಂತೆ.

ಒಂದು ಬೇಕರಿಯೋರು ಮೂರು ಸಾವಿರ, ಒಂದು ಸೀರೆ ಅಂಗಡಿಯೋರು ಐದು ಸಾವಿರ ಕೊಟ್ಟು ತಮ್ಮ ಆಫರ್‌ಗೆ ಮಾಡಿಸ್ಕೊಂಡ್ರು, ಹೋದ ದುಡ್ಡು ಕಳೆದು ಕೈಗೆ ಸ್ವಲ್ಪ ಉಳೀತು. ಯಾವ ಗ್ರೂಪಿಗೆ ಮೊದ್ಲು ಬಿಟ್ಟೆ ಅಂತ ತುಂಬಾ ಜನ ಕೇಳ್ತಾರೆ, ಹೇಳಲ್ಲ. ಈಗ ಒಬ್ಳು ಘಟವಾಣಿ ಅತ್ತೆ ಸಾಲು ಕೈಲಿದೆ, ಒಳ್ಳೇ ಮಾತು, ಮೇಲೆ ವಯಲಿನ್ ಅಂಟ್ಕೊಂಡಿದೆ, ಅದನ್ನ ಬಿಡಿಸೋಕೆ ರಾತ್ರಿಯೆಲ್ಲಾ ಕೂತಿದೀನಿ.